ಉದ್ದ ಜಡೆಯನ್ನು ಭುಜದವರೆಗೆ ಕತ್ತರಿಸಬೇಕೆಂದಿದ್ದೇನೆ: ಕತ್ತರಿ ಹಿಡಿದವರಿಗೆ ಹೇಗೆ ಹೇಳಬೇಕು?

ಗಣಿತದ ಟೀಚರ್, ಬಳ್ಳಾರಿ:

ನನಗೀಗ 47 ವರ್ಷ. ಹತ್ತನೆಯ ತರಗತಿ ಮುಗಿಯುವವರೆಗೆ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ ಕೆಂಪು ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕಾಲೇಜಿಗೆ ಸೇರಿದ ಮೇಲೆ ಒಂದೇ ಜಡೆಯಾಯಿತು. ಮದುವೆಯ ದಿನ ಆ ಜಡೆಗೆ ಮೊಗ್ಗು ಹೊಲಿದು ಕುಚ್ಚು ಕಟ್ಟಿದಾಗ ಅದರ ಭಾರಕ್ಕೆ ಕತ್ತು ನೋಯುತ್ತಿದ್ದದ್ದು ಇನ್ನೂ ನೆನಪಿದೆ. ಮಕ್ಕಳಾದ ಮೇಲೆ ಹೊತ್ತು ಸಾಲದೆ ತುರುಬು ಸುತ್ತಿ ಕ್ಲಿಪ್ ಹಾಕಿಕೊಳ್ಳುವುದೇ ರೂಢಿಯಾಯಿತು. ಹೋದ ವರ್ಷ ಡೆಂಗಿ ಬಂದು ವಾಸಿಯಾದ ಮೂರನೆಯ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಿತು. ಈಗ ಜಡೆಯ ಬುಡ ಹೆಬ್ಬೆರಳಿನಷ್ಟಿದ್ದರೆ ತುದಿ ಇಲಿಯ ಬಾಲದಂತಿದೆ.

ಭುಜದವರೆಗೆ ಕತ್ತರಿಸಿಕೊಳ್ಳಬೇಕೆಂಬ ಆಸೆಯಿದೆ, ಅದಕ್ಕಿಂತ ಹೆಚ್ಚಿನ ಹೆದರಿಕೆಯೂ ಇದೆ. ನಾಲ್ಕು ವರ್ಷಗಳ ಹಿಂದೆ ಒಂದು ಪಾರ್ಲರಿನಲ್ಲಿ ‘ತುದಿ ಮಾತ್ರ ಸಮ ಮಾಡಿ’ ಎಂದು ಹೇಳಿ ಕೂತಿದ್ದೆ. ಮುಗಿದ ಮೇಲೆ ನೆಲಕ್ಕೆ ಬಿದ್ದ ಒಂದು ಎಳೆಯನ್ನು ಎತ್ತಿ ಅಂಗೈಯ ಮೇಲಿಟ್ಟುಕೊಂಡರೆ ಅದು ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೂ ಬಂತು. ‘ಸ್ಟೆಪ್ ಹಾಕಿದ್ದೇನೆ ಮೇಡಂ, ಸ್ಮೂದನಿಂಗ್ ಮಾಡಿಸಿದರೆ ಚೆನ್ನಾಗಿ ಕೂರುತ್ತದೆ’ ಎಂದರು. ನಾನು ಒಂದು ಮಾತೂ ಆಡದೆ ದುಡ್ಡು ಕೊಟ್ಟು ಹೊರಬಂದೆ. ಕೂದಲು ಹೋದದ್ದಕ್ಕಿಂತ ಹಾಗೆ ಬಾಯಿ ಕಟ್ಟಿಕೊಂಡು ಬಂದದ್ದೇ ಇಂದಿಗೂ ನೋಯಿಸುತ್ತದೆ.

ಅತ್ತೆಯವರಿಗೂ ಇದು ಇಷ್ಟವಿಲ್ಲ. ಅವರ ಸೋದರತ್ತೆಯ ಗಂಡ ತೀರಿಕೊಂಡಾಗ ಆ ಹುಡುಗಿಯ ತಲೆ ಬೋಳಿಸಿದ್ದನ್ನು ಅವರು ಕಣ್ಣಾರೆ ಕಂಡವರು. ಬಲ್ಲವರು ದಯವಿಟ್ಟು ತಿಳಿಸಿ.

ಕತ್ತರಿ–ಬಾಚಣಿಗೆ, ರಾಯಚೂರು:

ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವುದರಿಂದ ನಮ್ಮ ಕಡೆಯ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ‘ಸ್ವಲ್ಪ’ ಮತ್ತು ‘ತುದಿ ಮಾತ್ರ’ ಎಂಬ ಮಾತುಗಳಿಗೆ ನೀವು ತಿಳಿಯುವ ಅರ್ಥ ಬೇರೆ, ನಾವು ತಿಳಿಯುವ ಅರ್ಥ ಬೇರೆ. ಸೀಳಿದ ಕೂದಲು ಎಲ್ಲಿಯವರೆಗೆ ಕಾಣುತ್ತದೆಯೋ ಅದೆಲ್ಲ ನಮಗೆ ತುದಿಯೇ. ಆದ್ದರಿಂದ ಬೆರಳುಗಳ ಲೆಕ್ಕದಲ್ಲಿ ಹೇಳಿ, ನಿಮ್ಮ ಕೈಯನ್ನೇ ಭುಜದ ಮೇಲಿಟ್ಟು ‘ಇದಕ್ಕಿಂತ ಮೇಲೆ ಬೇಡ’ ಎಂದು ತೋರಿಸಿ. ಇದನ್ನು ಕೂದಲು ಒಣಗಿರುವಾಗಲೇ, ನೀರು ಚಿಮುಕಿಸುವ ಮೊದಲೇ ಮಾಡಬೇಕು. ಒದ್ದೆ ಕೂದಲನ್ನು ಬಾಚಣಿಗೆಯಿಂದ ಎಳೆದು ಹಿಡಿದಾಗ ಅದು ಹಿಗ್ಗಿರುತ್ತದೆ, ಒಣಗಿದ ಮೇಲೆ ಮೇಲಕ್ಕೆ ಸರಿಯುತ್ತದೆ; ಗುಂಗುರು ಕೂದಲಾದರೆ ಇನ್ನೂ ಹೆಚ್ಚು. ಮೊದಲ ಸಲ ಭುಜಕ್ಕಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ, ಒಣಗಿಸಿ, ಕನ್ನಡಿಯಲ್ಲಿ ನೋಡಿದ ಮೇಲೆ ಬೇಕಾದರೆ ಮುಂದುವರಿಯಲು ಹೇಳಿ.

ಜ್ವರದ ನಂತರ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಸಾಮಾನ್ಯ, ಬಹುಪಾಲು ಜನರಿಗೆ ಅದು ಮತ್ತೆ ಬೆಳೆಯುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ನಿಮ್ಮ ಸೊಂಟದ ಬಳಿಯ ತುದಿ ಐದಾರು ವರ್ಷ ಹಳೆಯದು. ಅಷ್ಟು ವರ್ಷ ಬೋರಿನ ಗಡಸು ನೀರನ್ನೂ ನಮ್ಮ ಬಿಸಿಲನ್ನೂ ತಿಂದಿದೆ. ಭುಜದವರೆಗೆ ಕತ್ತರಿಸಿದರೆ ಉಳಿಯುವುದು ದಪ್ಪವಾಗಿಯೇ ಕಾಣುತ್ತದೆ. ಆದರೆ ಸ್ಟೆಪ್ ಬೇಡವೆಂದು ಸ್ಪಷ್ಟವಾಗಿ ಹೇಳಿ, ಏಕೆಂದರೆ ತೆಳ್ಳಗಿನ ಕೂದಲಿಗೆ ಸ್ಟೆಪ್ ಹಾಕಿದರೆ ತುದಿ ಇನ್ನೂ ಬರಿದಾಗುತ್ತದೆ. ಸ್ಮೂದನಿಂಗ್ ಮಾಡಿಸಲೇಬೇಡಿ. ಅದಕ್ಕೆ ಬಳಸುವ ಕೆಲವು ದ್ರಾವಣಗಳಿಂದ, ಬಿಸಿ ತಗುಲಿದಾಗ, ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಅದು ಕ್ಯಾನ್ಸರ್ ಉಂಟುಮಾಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಆ ಹೊಗೆಗೆ ಕಣ್ಣುರಿದು ನಾನು ಆ ಕೆಲಸವನ್ನು ಬಿಟ್ಟುಬಿಟ್ಟೆ.

ಕೊಪ್ಪಳದ ನಿವಾಸಿ:

ನಾನು ಗಂಡಸು, ಆದರೂ ನನ್ನ ಅನುಭವ ಉಪಯೋಗಕ್ಕೆ ಬರಬಹುದು. ನಮ್ಮ ಅಜ್ಜನ ಕಾಲದಲ್ಲಿ ಧಾನ್ಯದ ಕೂಲಿಗೆ ಊರವರ ಕ್ಷೌರ ಮಾಡುತ್ತಿದ್ದ ಆಯಗಾರರು ತಗಡಿನ ಪೆಟ್ಟಿಗೆ ಹಿಡಿದು ಮನೆಗೇ ಬರುತ್ತಿದ್ದರು, ಸುಗ್ಗಿಯಲ್ಲಿ ಕಣದಿಂದ ಜೋಳ ಒಯ್ಯುತ್ತಿದ್ದರು. ಅವರ ಮೊಣಕಾಲುಗಳ ನಡುವೆ ತಲೆ ತಗ್ಗಿಸಿ ಕೂತ ಹುಡುಗನಿಗೆ ಯಾವ ಕಟಿಂಗ್ ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಕೊಪ್ಪಳ ಜಿಲ್ಲೆಯಾದ 1997ರಲ್ಲಿ ನಾನು ಕಾಲೇಜು ವಿದ್ಯಾರ್ಥಿ, ನಡುಬೈತಲೆ ತೆಗೆದು ಕಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದೆ. ಈಗ ನನ್ನ ಮಗ ಪಕ್ಕಕ್ಕೆ ಒಂದನೇ ನಂಬರ್, ಅದರ ಮೇಲೆ ಎರಡನೇ ನಂಬರ್ ಎಂದು ಮಷೀನಿನ ಅಳತೆಯಲ್ಲೇ ಹೇಳುತ್ತಾನೆ: ಒಂದೆಂದರೆ ಸುಮಾರು 3 ಮಿಲಿಮೀಟರ್, ಎರಡೆಂದರೆ 6. ಅವನಿಗೆ ಮಾಡುವವರೊಂದಿಗೆ ಎಂದೂ ಜಗಳವಾಗಿಲ್ಲ. ಮೇಲಿನವರು ಹೇಳಿದ ಬೆರಳಿನ ಲೆಕ್ಕ ಸರಿಯಾದದ್ದೆಂದು ನನಗೆ ಅನ್ನಿಸುವುದು ಇದಕ್ಕೇ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನನ್ನ ಹಾಸ್ಟೆಲಿನ ಗೆಳೆಯನೊಬ್ಬ ದಲಿತನಾದ್ದರಿಂದ ಅವನ ಊರಿನ ಅಂಗಡಿಯಲ್ಲಿ ಕತ್ತರಿ ಮುಟ್ಟಿಸುತ್ತಿರಲಿಲ್ಲ. ರಜೆಗೆ ಊರಿಗೆ ಹೋಗುವ ಮುಂಚೆ ಇಲ್ಲಿಯೇ ಕಟಿಂಗ್ ಮಾಡಿಸಿಕೊಂಡು ಹೋಗುತ್ತಿದ್ದ. ಕುರ್ಚಿಯಲ್ಲಿ ಕೂತು ‘ನನಗೆ ಹೀಗೆ ಬೇಕು’ ಎನ್ನುವ ಹಕ್ಕು ಕೆಲವರಿಗೆ ಇಂದಿಗೂ ಸುಲಭವಾಗಿ ಸಿಕ್ಕಿಲ್ಲ. ನಿಮಗೆ ಅದಿದೆ, ದಯವಿಟ್ಟು ಬಳಸಿ.

ಸಿಂಧನೂರಿನ ಸೊಸೆ:

ಅತ್ತೆಯವರ ವಿಷಯವಾಗಿ ಮಾತ್ರ ಹೇಳುತ್ತೇನೆ. ಅವರೊಂದಿಗೆ ವಾದ ಮಾಡಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ನಮ್ಮತ್ತೆಯೂ ಬೇಡವೆಂದವರೇ, ಪಾರ್ಲರಿನ ಬೆಂಚಿನ ಮೇಲೆ ಕೂತು ನೋಡಿದ ಮೇಲೆ ‘ಇಷ್ಟೇ ಏನು?’ ಎಂದರು. ಅವರು ಕಂಡದ್ದು ಒಬ್ಬ ಹುಡುಗಿಯನ್ನು ಕೇಳದೆ ಬೋಳಿಸಿದ್ದನ್ನು. ನೀವು ಬೇಕೆಂದು ಮಾಡಿಸಿಕೊಳ್ಳುವುದನ್ನು ಅವರು ಒಮ್ಮೆ ಕಣ್ಣಾರೆ ನೋಡಲಿ.

ಗಣಿತದ ಟೀಚರ್, ಬಳ್ಳಾರಿ:

ಎಲ್ಲರಿಗೂ ಮನಸಾರೆ ವಂದನೆಗಳು. ಅತ್ತೆಯವರನ್ನು ಕೇಳಿದೆ, ತುಂಬ ಹೊತ್ತು ಸುಮ್ಮನಿದ್ದು, ಕತ್ತರಿಸಿದ ಜಡೆಯನ್ನು ಅಲ್ಲೇ ಬಿಟ್ಟು ಬರಬಾರದು ಎಂಬ ಒಂದೇ ಷರತ್ತು ಹಾಕಿ ಬರಲು ಒಪ್ಪಿದರು. ಮಂಗಳವಾರ ಅಂಗಡಿ ಮುಚ್ಚಿರುತ್ತದೆ, ಬುಧವಾರ ಶಾಲೆ ಬಿಟ್ಟ ಮೇಲೆ ಹೋಗುತ್ತೇವೆ. ಜಡೆಯನ್ನು ಕೆಡದಂತೆ ತರುವುದು ಹೇಗೆ?

ಕತ್ತರಿ–ಬಾಚಣಿಗೆ, ರಾಯಚೂರು:

ಹಿಂದಿನ ದಿನ ತಲೆಸ್ನಾನ ಮಾಡಿ, ಎಣ್ಣೆ ಹಚ್ಚದೆ ಪೂರ್ತಿ ಒಣಗಿಸಿ. ಕತ್ತರಿಸುವ ಮೊದಲು ಜಡೆ ಹೆಣೆದು ಮೇಲೊಂದು, ಕೆಳಗೊಂದು ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಲು ಹೇಳಿ. ಕತ್ತರಿ ಮೇಲಿನ ಬ್ಯಾಂಡಿನ ಮೇಲ್ಭಾಗದಲ್ಲಿ ಹೋಗಬೇಕು, ಕೆಳಗಲ್ಲ.