ನೇಪಾಳದಲ್ಲಿ ಲ್ಯಾಪ್‌ಟಾಪ್ ತಗೊಳ್ಳೋದಾ, ಮೈಸೂರಲ್ಲೇ ತಗೊಳ್ಳೋದಾ? ಅನುಭವ ಇದ್ದವರು ಹೇಳಿ

ಬೋಗಾದಿ ಅಪ್ಪ: ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಕಾಠ್ಮಂಡು, ಮುಕ್ತಿನಾಥಕ್ಕೆ ಹೊರಟಿದ್ದೇವೆ. ಹೋಗೋದು ಬರೋದು ಎರಡೂ ವಿಮಾನದಲ್ಲಿ. ಮಗಳು ಇಂಜಿನಿಯರಿಂಗ್ ಸೇರಿದ್ದಾಳೆ, ಲ್ಯಾಪ್‌ಟಾಪ್ ಬೇಕು. ಬಜೆಟ್ 70,000. ಕಾಠ್ಮಂಡುವಿನ ನ್ಯೂ ರೋಡ್‌ನಲ್ಲಿ ಕಮ್ಮಿಗೆ ಸಿಗುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜವಾ? ಇಲ್ಲ ಸುಮ್ನೆ ಅರಸು ರಸ್ತೆಯಲ್ಲೇ ಮುಗಿಸಿಬಿಡಲಾ?

ಕುವೆಂಪುನಗರ ಕೆಂಪು ಕಾರು: ನೇಪಾಳ ಕಂಡಿಲ್ಲ. ದುಬೈ ಕಂಡಿದ್ದೇನೆ, ಕೈಯನ್ನೂ ಸುಟ್ಟುಕೊಂಡಿದ್ದೇನೆ. 2019ರ ಡಿಸೆಂಬರ್. ಲ್ಯಾಪ್‌ಟಾಪಿಗೆ 3,699 ದಿರ್ಹಾಂ. ನನಗೆ ಬಿದ್ದ ರೇಟು 19.30, ಅಂದರೆ 71,391 ರೂಪಾಯಿ. ಕಾರ್ಡ್ ಉಜ್ಜಿದ್ದಕ್ಕೆ ಬ್ಯಾಂಕಿನವರು 3.5% ಮಾರ್ಕಪ್ ಅಂತ ತಮ್ಮ ಶುಲ್ಕ ಹಾಕಿದರು, 2,499. ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ, ಮತ್ತೆ 450. ಇದನ್ನು ಯಾರೂ ಮೊದಲೇ ಬಾಯಿ ಬಿಡುವುದಿಲ್ಲ.

ಏರ್‌ಪೋರ್ಟಿನಲ್ಲಿ ವ್ಯಾಟ್, ಅಂದರೆ ಅಲ್ಲಿಯ ಮಾರಾಟ ತೆರಿಗೆ, ವಾಪಸ್ ಕೊಡುತ್ತಾರಲ್ಲ, ಅದಕ್ಕೂ ನಿಂತೆ. ಬಿಲ್ಲಿನಲ್ಲಿ 5% ವ್ಯಾಟ್, 176 ದಿರ್ಹಾಂ ಸೇರಿತ್ತು. ಪೂರ್ತಿ ಕೊಡಲಿಲ್ಲ, ಆಗ 85% ಮಾತ್ರ. ಅದರಲ್ಲೂ ಬಿಲ್ಲಿಗೆ 4.80 ಮುರಿದುಕೊಂಡರು. ಕೈಗೆ ಬಂದದ್ದು 144.92. ಆ ಕ್ಯೂ ಗಡಿಬಿಡಿಯಲ್ಲಿ ಹೆಂಡತಿ ಕೊಂಡಿದ್ದ ಖರ್ಜೂರದ ಡಬ್ಬ ಅಲ್ಲೇ ಉಳಿಯಿತು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದರೂ ಮೈಸೂರು ಬೆಲೆಗಿಂತ 11,000 ಉಳಿದಿತ್ತು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಎಂಟನೇ ತಿಂಗಳಿಗೆ ಮದರ್‌ಬೋರ್ಡ್ ಹೋಯ್ತು. ವಾರಂಟಿ ಕೊಂಡ ದೇಶಕ್ಕೆ ಮಾತ್ರ ಅಂದರು. ಪೆಟ್ಟಿಗೆ ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ, ಓದಿದವರು ಯಾರು? ಕೊರೊನಾ ಕಾಲ, ರೈಲು ಇಲ್ಲ. ಕಾರಿನಲ್ಲೇ ಮೂರು ಸಲ ಬೆಂಗಳೂರಿಗೆ ಹೋಗಿಬಂದೆ, ಸಲಕ್ಕೆ 1,800 ಪೆಟ್ರೋಲು. ರಿಪೇರಿ 31,500. ಈಗ ಉಳಿದ 11,000ದ ಲೆಕ್ಕ ನೀವೇ ಹೇಳಿ. ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದ ಪಕ್ಕಕ್ಕೇ ಅರೇಬಿಕ್ ಬೇರೆ. ಮಗ ಆನ್‌ಲೈನ್ ಕ್ಲಾಸಿನಲ್ಲಿ ಒಂದು ಕಾಮಾ ಹುಡುಕಲು ಕೀಗಳಿಗೆ ಮೂಗು ತಾಗಿಸಿಕೊಂಡು ಕೂರುತ್ತಿದ್ದ.

ಮಂಡ್ಯ ಮದುವೆ ಫೋಟೋ: ಹನ್ನೊಂದು ಸಾವಿರಕ್ಕೇ ಇಷ್ಟು ಗೋಳಾ ಸಾರ್? ನನ್ನದು ಕೇಳಿ. 2019 ಜುಲೈ, ಬ್ಯಾಂಕಾಕ್. ಕ್ಯಾಮೆರಾ ಬಾಡಿ 66,000 ಬಾಟ್. ಬಾಟಿಗೆ 2.24ರಂತೆ 1,47,840. ಬೆಂಗಳೂರಿನಲ್ಲಿ ಇಳಿದು ಕಸ್ಟಮ್ಸ್‌ನ ಕೆಂಪು ಚಾನೆಲ್‌ಗೆ, ಅಂದರೆ ಸುಂಕದ ಮಾಲು ಇದೆ ಅಂತ ಹೇಳಿಕೊಳ್ಳುವ ಸಾಲಿಗೆ, ನಾನೇ ನಡೆದುಕೊಂಡು ಹೋದೆ. ಬೆಲೆಯನ್ನು 1,48,000 ಅಂತ ಹಿಡಿದರು. ಆಗ 50,000 ತನಕ ಸುಂಕ ಮಾಫಿ, ಉಳಿದ 98,000ಕ್ಕೆ 38.5% ಸುಂಕ. ಕಟ್ಟಿದ್ದು 37,730 ರೂಪಾಯಿ. ಅಲ್ಲಿ ವ್ಯಾಟ್ ಅಂತ ಸುಮಾರು 4,000 ಬಾಟ್ ವಾಪಸ್ ಬಂದಿತ್ತು, ಅದು ಈ ಹೊಂಡದ ಮೂಲೆಗೂ ಸಾಲಲಿಲ್ಲ.

ಹೊಟ್ಟೆ ಉರಿಯುವುದು ಇದಕ್ಕಲ್ಲ. ಅದೇ ಬಾಡಿ ಆಗ ಮೈಸೂರಿನಲ್ಲಿ 1,64,000. ಆ ವರ್ಷ ಜನವರಿಯಲ್ಲೇ ಡಿಜಿಟಲ್ ಕ್ಯಾಮೆರಾ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿತ್ತು. ನನಗೆ ಜಿಎಸ್‌ಟಿ ನಂಬರ್ ಇದೆ. ಇಲ್ಲೇ ಬಿಲ್ ಹಾಕಿಸಿದ್ದರೆ 25,017 ಇನ್‌ಪುಟ್ ಕ್ರೆಡಿಟ್ ಸಿಗುತ್ತಿತ್ತು, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದಿತ್ತು. ಅಂದರೆ ನನಗೆ ಬೀಳುತ್ತಿದ್ದದ್ದು 1,38,983. ಆಡಿಟರ್ ಕ್ಯಾಲ್ಕುಲೇಟರ್ ಒತ್ತಿ ಪರದೆಯನ್ನು ನನ್ನ ಕಡೆ ತಿರುಗಿಸಿದರು, ಏನೂ ಮಾತಾಡಲಿಲ್ಲ. ಆ ಸೀಸನ್ನಿನ ಎರಡು ಮದುವೆ ದುಡ್ಡು ನೀರಿಗೆ.

ಹೂಟಗಳ್ಳಿ ಹುಡುಗ: ಕೆಂಪು ಚಾನೆಲ್‌ಗೆ ಯಾಕೆ ಹೋದ್ರಿ ಅಣ್ಣಾ? ಡಬ್ಬ ಅಲ್ಲೇ ಎಸೆದು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಾಲ್ಕು ಫೋಟೋ ಹೊಡೆದುಕೊಂಡು ಬಂದಿದ್ದರೆ ಯಾರು ಕೇಳುತ್ತಿದ್ದರು? ಎಲ್ಲರೂ ಹಂಗೇ ಮಾಡೋದು.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ: ಎಲ್ಲರೂ ಮಾಡುವುದಿಲ್ಲ. ಡಬ್ಬ ಎಸೆದ ಮಾತ್ರಕ್ಕೆ ಹೊಸದು ಹಳೆಯದಾಗುವುದಿಲ್ಲ. ಸೀರಿಯಲ್ ನಂಬರ್ ಅಂತ ಒಂದಿದೆ.

2014ರಲ್ಲಿ ನನ್ನ ಭಾವಮೈದ ಶಾರ್ಜಾದಿಂದ ಟಿವಿ ತಂದ. ಅದಕ್ಕೂ ಮುಂಚೆ ಊರಿಗೆ ಬರುವವರೆಲ್ಲ ಟಿವಿ ಹೊತ್ತು ತರುತ್ತಿದ್ದರಲ್ಲ, 2013ರ ಆಗಸ್ಟ್ 26ರಿಂದ ಅದಕ್ಕೆ ಮಾಫಿ ನಿಂತಿತ್ತು. ಇವನಿಗೆ ಗೊತ್ತಿಲ್ಲ. 30,000 ಬೆಲೆ ಹಿಡಿದರು, 36.05% ಸುಂಕ, 10,815 ರೂಪಾಯಿ. ಅವನ ಹತ್ತಿರ ರೂಪಾಯಿ ಇಲ್ಲ. ಬೆಳಗಿನ ಜಾವ ಮೂರೂವರೆಗೆ ನನಗೆ ಫೋನು. ನಾನು ಹೊರಗೆ ಟ್ಯಾಕ್ಸಿ ಹಿಡಿದು ನಿಂತವನು, ಎಟಿಎಂ ಹುಡುಕಿಕೊಂಡು ಓಡಿದೆ. ಒಂದು ಮಷೀನಿನಲ್ಲಿ ದುಡ್ಡಿಲ್ಲ, ಇನ್ನೊಂದರಲ್ಲಿ ಕಾರ್ಡು ಸಿಕ್ಕಿಕೊಂಡಿತು. ಆ ರಸೀದಿ ಈಗಲೂ ಎಲ್‌ಐಸಿ ಪಾಲಿಸಿಗಳ ಜೊತೆ ಇಟ್ಟಿದ್ದೇನೆ. ಕಾನೂನಿನಂತೆ ಕಟ್ಟಿದ್ದೇವೆ.

ಹೂಟಗಳ್ಳಿ ಹುಡುಗ: ರಸೀದಿಗೆ ಫ್ರೇಮ್ ಹಾಕಿಸಿ ಮೇಷ್ಟ್ರೇ.

ಮಂಡ್ಯ ಮದುವೆ ಫೋಟೋ: ದೊಡ್ಡವರ ಹತ್ತಿರ ಹಂಗೆ ಮಾತಾಡಬೇಡ. ಸಿಕ್ಕಿಬಿದ್ದರೆ ದಂಡ ನೀನು ಕಟ್ಟಿಕೊಡ್ತೀಯಾ? ನನಗೆ ದುಡ್ಡು ಹೋಯ್ತು, ಮಾನ ಹೋಗಲಿಲ್ಲ. ಇನ್ನೊಂದು ಮಾತು. ಇಲ್ಲಿಂದ ಸ್ವಂತ ಕ್ಯಾಮೆರಾ ತಗೊಂಡು ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ರಫ್ತು ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ‘ಇದು ಇಲ್ಲಿಂದಲೇ ಹೋಗಿದ್ದು’ ಅಂತ ಸಾಬೀತು ಮಾಡುವ ಕೆಲಸ ನಿಮ್ಮದು. ಕ್ಯಾಮೆರಾಕ್ಕೆ ಬಾಯಿ ಬರುವುದಿಲ್ಲವಲ್ಲ.

ಕುವೆಂಪುನಗರ ಕೆಂಪು ಕಾರು: ನಿಮ್ಮ ಇನ್‌ಪುಟ್ ಕ್ರೆಡಿಟ್ ಕಥೆ ನಮ್ಮಂಥ ಸಂಬಳದವರಿಗೆ ಯಾಕೆ ಸ್ವಾಮಿ? ನಮಗೆ ಒಂದು ರೂಪಾಯಿ ವಾಪಸ್ ಇಲ್ಲ. ಮೊಬೈಲಿಗೆ 12% ಇದ್ದದ್ದು 2020ರ ಏಪ್ರಿಲ್‌ನಿಂದ 18% ಆಯ್ತು. ಜನ ಹೊರಗಡೆ ನೋಡುವುದು ಅದಕ್ಕೇ.

ಜೆಪಿ ನಗರದ ಜಯ: ಹೊರಗಡೆ ಎಲ್ಲ ಕಮ್ಮಿ ಅನ್ನುವ ಭ್ರಮೆ ಬಿಡಿ. 2024ರ ಫೆಬ್ರವರಿಯಲ್ಲಿ ನಾವು ಆರು ಜನ ಗೆಳತಿಯರು ಕೊಲಂಬೊಗೆ ಹೋಗಿದ್ದೆವು. ಬಂಬಲಪಿಟಿಯದಲ್ಲಿ ಯೂನಿಟಿ ಪ್ಲಾಜಾ ಅಂತಿದೆ, ಮಹಡಿ ಮಹಡಿಯೂ ಕಂಪ್ಯೂಟರ್ ಅಂಗಡಿ. ನಾನು ನೋಡಿಕೊಂಡಿದ್ದ ಫೋನಿನ ಚೀಟಿಯಲ್ಲಿ 2,89,000 ಅಂತ ಬರೆದಿದ್ದನ್ನು ನೋಡಿ ಎದೆ ಧಸಕ್ ಅಂತು. ನಮ್ಮ ಒಂದು ರೂಪಾಯಿಗೆ ಅವರದು ಸುಮಾರು 3.75. ಭಾಗಿಸಿದರೂ 77,000 ಬಂತು. ಅದೇ ಇಲ್ಲಿ 72,000. ಪಾಪ, ಅವರಿಗೂ ಆ ಜನವರಿಯಿಂದ ವ್ಯಾಟ್ 15ರಿಂದ 18% ಆಗಿತ್ತು. ಅಂಗಡಿಯ ಹುಡುಗನೇ ‘ಇಂಡಿಯಾದಲ್ಲೇ ತಗೊಳ್ಳಿ ಅಕ್ಕಾ’ ಅಂದ. ತಮಿಳಿನಲ್ಲಿ ಹೇಳಿದ, ಅರ್ಥ ಆಯ್ತು. ನಾನು ಚಹಾಪುಡಿ ಮಾತ್ರ ತಂದೆ. ಫೋನು ದಸರಾ ಹೊತ್ತಿಗೆ ಇಲ್ಲೇ, ಬಡ್ಡಿಯಿಲ್ಲದ ಕಂತಿನಲ್ಲಿ. ಎಂಟು ತಿಂಗಳು ಕಾಯುವ ತಾಳ್ಮೆ ನನಗಿತ್ತು, ಕೆಲವರಿಗೆ ಇರುವುದಿಲ್ಲ.

ಕುವೆಂಪುನಗರ ಕೆಂಪು ಕಾರು: ‘ಕೆಲವರಿಗೆ’ ಅಂದರೆ ಯಾರಿಗೆ?

ಜೆಪಿ ನಗರದ ಜಯ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ವಿವಿ ರೋಡ್ ಅಂಗಡಿ, ಮಂಡ್ಯ: ಎಲ್ಲ ಓದಿದೆ. ನೀವೆಲ್ಲ ಅಂಗಡಿಗೆ ಬರುತ್ತೀರಿ, ಅರ್ಧ ಗಂಟೆ ಕೀಬೋರ್ಡ್ ಒತ್ತಿ ನೋಡುತ್ತೀರಿ, ಎಸಿ ಗಾಳಿ ತಗೊಳ್ಳುತ್ತೀರಿ. ‘ಮನೆಯವರನ್ನ ಕೇಳ್ತೀನಿ’ ಅಂತ ಹೊರಗೆ ಹೋಗಿ ನಮ್ಮ ಮೆಟ್ಟಿಲ ಮೇಲೇ ನಿಂತು ಆನ್‌ಲೈನ್‌ನಲ್ಲಿ ಆರ್ಡರ್ ಹಾಕುತ್ತೀರಿ. ಕಣ್ಣಾರೆ ಕಂಡಿದ್ದೇನೆ. ಆಮೇಲೆ ದುಬೈ ಚಾರ್ಜರ್ ತಂದು ‘ಇದಕ್ಕೆ ಪಿನ್ ಕೊಡಿ’ ಅನ್ನುತ್ತೀರಿ. ಅಲ್ಲಿಯದು ಮೂರು ಚಪ್ಪಟೆ ಕಾಲಿನ ಪ್ಲಗ್ಗು, ನಮ್ಮದು ದುಂಡನೆಯದು. ಅರವತ್ತು ರೂಪಾಯಿಯ ಅಡಾಪ್ಟರ್ ಕೊಟ್ಟರೆ ಅದಕ್ಕೂ ಚೌಕಾಸಿ!

ಕುವೆಂಪುನಗರ ಕೆಂಪು ಕಾರು: ಅರವತ್ತಾ? ನನಗೆ ಮೈಸೂರಿನಲ್ಲಿ 150 ತಗೊಂಡರು. ಎರಡು ವಾರಕ್ಕೆ ಸುಟ್ಟು ಕರಕಲಾಯ್ತು, ಗೋಡೆಯ ಸಾಕೆಟ್ಟೂ ಕಪ್ಪಾಯ್ತು. ಎಲೆಕ್ಟ್ರಿಷಿಯನ್‌ಗೆ 350.

ವಿವಿ ರೋಡ್ ಅಂಗಡಿ, ಮಂಡ್ಯ: ಮಂಡ್ಯಕ್ಕೆ ಬರಬೇಕಿತ್ತು.

ಹೂಟಗಳ್ಳಿ ಹುಡುಗ: ಅರವತ್ತು ರೂಪಾಯಿ ಅಡಾಪ್ಟರ್‌ಗೆ ಮಂಡ್ಯಕ್ಕಾ? ಎಕ್ಸ್‌ಪ್ರೆಸ್‌ವೇ ಟೋಲ್ ಯಾರು ಕೊಡ್ತಾರೆ?

ಮಂಡ್ಯ ಮದುವೆ ಫೋಟೋ: ಸರ್ವಿಸ್ ರೋಡಿನಲ್ಲಿ ಬಾ.

ಬೋಗಾದಿ ಅಪ್ಪ: ಸ್ವಾಮಿ, ನನ್ನದು ನೇಪಾಳ. ಲ್ಯಾಪ್‌ಟಾಪ್. 70,000.

ಟಿ. ನರಸೀಪುರ ಟೂರು: ನಾನು ಹೋಗಿದ್ದೇನೆ, 2023ರಲ್ಲಿ, ಗೋರಖಪುರ ತನಕ ರೈಲು, ಆಮೇಲೆ ಸೊನೌಲಿ ಗಡಿ. ನ್ಯೂ ರೋಡ್‌ನಲ್ಲಿ ಒಂದು ಸ್ಪೀಕರ್ ಕೇಳಿದೆ, 8,000 ಅಂದ. ಅವರ ದುಡ್ಡು, ನಮ್ಮ ನೂರಕ್ಕೆ ಅವರದು 160, ಅಂದರೆ 5,000. ಊರಿನಲ್ಲಿ ನೋಡಿದರೆ 4,600. ಯಾಕೆ ಜಾಸ್ತಿ ಅಂದರೆ, ಆ ದೇಶಕ್ಕೆ ಸಮುದ್ರ ಇಲ್ಲ. ಎಷ್ಟೋ ಮಾಲು ಕಲ್ಕತ್ತಾ ಬಂದರಿನಲ್ಲಿ ಇಳಿದು ಲಾರಿಯಲ್ಲಿ ಬೆಟ್ಟ ಹತ್ತಿಕೊಂಡು ಹೋಗಬೇಕು. ಮೇಲೆ 13% ವ್ಯಾಟ್. ನಮ್ಮ ಸುಂಕದ ಲೆಕ್ಕವೂ ಬೇರೆ. ದುಬೈಯಿಂದ ಬಂದರೆ 50,000 ಇದ್ದಾಗ, ನೇಪಾಳದಿಂದ ವಿಮಾನದಲ್ಲಿ ಬಂದರೆ 15,000 ಮಾತ್ರ ಮಾಫಿ ಇತ್ತು. ರಸ್ತೆಯಲ್ಲಿ ಬಂದ ನನಗೆ ಅದೂ ಇಲ್ಲ, ಬಳಸಿದ ಬಟ್ಟೆಬರೆ ಅಷ್ಟೆ. ಹದಿನೆಂಟು ತುಂಬಿದವರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು, ಅದು ಬೇರೆ ಮಾತು. ಅದಕ್ಕೆ ವಾರಂಟಿ ಎಲ್ಲಿಯದು ಅಂತ ಮೊದಲು ಕೇಳಿ. ನಾನು ಸ್ಪೀಕರ್ ಬಿಟ್ಟು ಎರಡು ಉಣ್ಣೆ ಟೊಪ್ಪಿ ತಂದೆ. ನರಸೀಪುರದ ಬಿಸಿಲಿಗೆ ಅದೂ ದಂಡ.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ: ನಿಮ್ಮ ತಂದೆಗೆ ವಯಸ್ಸೆಷ್ಟು? ಮುಕ್ತಿನಾಥ 3,700 ಮೀಟರ್ ಎತ್ತರದಲ್ಲಿದೆ, ಉಸಿರು ಹಿಡಿಯುತ್ತದೆ. ಒಂದೇ ಸಲ ಹತ್ತಿಸಬೇಡಿ, ಕೆಳಗೆ ಜೋಮ್‌ಸೋಮ್ ಅನ್ನುವ ಊರಿನಲ್ಲಿ ಒಂದು ರಾತ್ರಿ ನಿಲ್ಲಿಸಿ. ಡಾಕ್ಟರಿಗೆ ತೋರಿಸಿಕೊಂಡೇ ಹೊರಡಿ.

ಬೋಗಾದಿ ಅಪ್ಪ: 74 ಸಾರ್. ಮೊಣಕಾಲು ನೋವೂ ಇದೆ. ಅಮ್ಮನಿಗೆ ಬಿಪಿ. ಒಳ್ಳೇದಾಯ್ತು ಹೇಳಿದ್ದು, ನಾಳೆಯೇ ಟೂರಿನವರಿಗೆ ಫೋನ್ ಮಾಡುತ್ತೇನೆ.

ಹೂಟಗಳ್ಳಿ ಹುಡುಗ: ಮೇಷ್ಟ್ರೇ, ಬೇಜಾರಾಗಬೇಡಿ. ಆ ಶಾರ್ಜಾ ಟಿವಿ ಇನ್ನೂ ಓಡ್ತಿದೆಯಾ?

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ: ಓಡುತ್ತಿದೆ. ರಿಮೋಟ್ ಮಾತ್ರ ಸಯ್ಯಾಜಿರಾವ್ ರಸ್ತೆಯಲ್ಲಿ 250 ಕೊಟ್ಟು ತಂದೆ. ಅದರಲ್ಲಿ ವಾಲ್ಯೂಮ್ ಜಾಸ್ತಿಯಾಗುತ್ತದೆ, ಕಮ್ಮಿಯಾಗುವುದಿಲ್ಲ.