ಚಿಕ್ಕಮ್ಮ ಕಳಿಸಿದ ವಿನೆಗರ್ ವಿಡಿಯೋ

ಶುಕ್ರವಾರ ರಾತ್ರಿ ಚಿಕ್ಕಮ್ಮ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಹಾಕಿದರು. ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಒಬ್ಬ ಪೈಕ್ ಮೀನು ಕೊಯ್ಯುತ್ತಿದ್ದಾನೆ. ಕೆಳಗೆ ಯಾರೋ ಬರೆದ ಸಾಲುಗಳು: "ಐಸ್ ಅಡಿಯ ಮೀನಿನ ಮುಳ್ಳು ಮೆತ್ತಗಿರುತ್ತದೆ. ಹೀಗೆ ಐದು ತುಂಡು ಮಾಡಿದರೆ ಒಂದೂ ಮುಳ್ಳು ಉಳಿಯುವುದಿಲ್ಲ. ಅಪ್ಪಿತಪ್ಪಿ ಗಂಟಲಿಗೆ ಸಿಕ್ಕರೆ ಎರಡು ಚಮಚ ವಿನೆಗರ್ ಕುಡಿಯಿರಿ, ಕರಗಿಹೋಗುತ್ತದೆ."

ಚಿಕ್ಕಮ್ಮ ಸೇರಿಸಿದ್ದು ಇಷ್ಟೇ: "ಎಲ್ಲರೂ ನೋಡಿ. ಮುಖ್ಯವಾಗಿ ಮೀನು ಕೊಯ್ಯುವವರು."

ನಾವೆಲ್ಲ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಚಳಿಗಾಲ ಬಂತೆಂದರೆ ಮೂರು ಮನೆಯವರು ಸೇರಿ ಐಸ್ ಮೇಲೆ ಗಾಳ ಹಾಕಲು ಹೋಗುತ್ತೇವೆ. ಮೀನು ಕೊಯ್ಯುವವರು ಅಂದರೆ ಭಾವ ಒಬ್ಬರೇ. ಹೋದ ವರ್ಷ ಅವರು ಕೊಯ್ದ ಪೈಕ್ ತಿಂದೇ ಚಿಕ್ಕಮ್ಮನ ಗಂಟಲಿಗೆ ಮುಳ್ಳು ಚುಚ್ಚಿಕೊಂಡಿತ್ತು. ಹಾಗಾಗಿ ಆ ಮಾತು ಯಾರಿಗೆ ಅಂತ ಯಾರೂ ಕೇಳಲಿಲ್ಲ.

ತಮ್ಮ: "ಇದನ್ನು ಬರೆದವರು ಯಾರು? ಯಾವ ಡಾಕ್ಟರ್ ಹೇಳಿದ್ದು? ಆಧಾರ ಹಾಕಿ."

ಚಿಕ್ಕಮ್ಮ: "ನಿನಗೆ ಎಲ್ಲದಕ್ಕೂ ಆಧಾರ ಬೇಕು. ಆವತ್ತು ಗಂಟಲು ನನ್ನದು ಕಣೋ."

ದೊಡ್ಡಪ್ಪ: "ಊಟಕ್ಕೆ ಕೂತಾಗ ಮಾತಾಡಬಾರದು, ಫೋನ್ ನೋಡಬಾರದು. ನಿಧಾನವಾಗಿ ತಿಂದರೆ ಮುಳ್ಳು ತಾನಾಗಿ ನಾಲಿಗೆಗೆ ಸಿಗುತ್ತದೆ. ಈಗಿನವರಿಗೆ ಆ ತಾಳ್ಮೆ ಎಲ್ಲಿದೆ?"

ತಮ್ಮ: "ಆವತ್ತು ಬ್ರೆಡ್ ಉಂಡೆ ಮಾಡಿ ನುಂಗಿಸಿದ್ದು ಯಾರು ದೊಡ್ಡಪ್ಪ?"

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ತಮ್ಮ ಕೇಳಿದ್ದು ಸರಿ, ಕೇಳಿದ ರೀತಿ ಸರಿಯಿರಲಿಲ್ಲ. ದೊಡ್ಡಪ್ಪ ಹೆದರಿ ಕೊಟ್ಟಿದ್ದರು, ಪ್ರೀತಿಯಿಂದ ಕೊಟ್ಟಿದ್ದರು. ಆದರೆ ಡಾಕ್ಟರ್ ಇಕ್ಕಳದಲ್ಲಿ ಮುಳ್ಳು ತೆಗೆದ ಮೇಲೆ ನಮಗೆ ಹೇಳಿದ್ದೂ ಅದನ್ನೇ. ಗಟ್ಟಿ ಉಂಡೆ ನುಂಗಿದರೆ ಮುಳ್ಳು ಇನ್ನೂ ಆಳಕ್ಕೆ ಹೋಗಬಹುದು.

ಅಷ್ಟರಲ್ಲಿ ಭಾವ ಬಂದರು. "ಚಿಕ್ಕಮ್ಮ, ನೇರವಾಗಿ ನನ್ನ ಹೆಸರನ್ನೇ ಬರೆಯಿರಿ. ನಾವು ಹೋಗುವ ಕಡೆ 2018ರಿಂದ ದಿನಕ್ಕೆ 10 ಪೈಕ್ ಹಿಡಿಯಬಹುದು. ಆದರೆ 22ರಿಂದ 26 ಇಂಚಿನವನ್ನು ವಾಪಸ್ ಬಿಡಲೇಬೇಕು. ಮನೆಗೆ ಬರುವುದೆಲ್ಲ ಸಣ್ಣವೇ. ಸಣ್ಣ ಮೀನಿನ ಮುಳ್ಳು ಕೂದಲಿನ ಹಾಗಿರುತ್ತದೆ. ಬೆರಳು ಮರಗಟ್ಟಿದಾಗ ಹತ್ತು ಮೀನು ಕೊಯ್ದು ನೋಡಿ, ಆಮೇಲೆ ವಿಡಿಯೋ ಕಳಿಸಿ."

ಅಕ್ಕ: "ಇವರು ಆವತ್ತು ರಾತ್ರಿ ಹನ್ನೊಂದರವರೆಗೆ ನಿಂತು ಕೊಯ್ದರು. ಯಾರೂ ಕೈ ಹಾಕಲಿಲ್ಲ."

ಭಾವ: "ಅದು ಬಿಡು. ನನ್ನ ಐಸ್ ಕೊರೆಯುವ ಆಗರ್ ತಗೊಂಡು ಹೋದವರು ಬ್ಲೇಡ್ ಮೊಂಡು ಮಾಡಿ ವಾಪಸ್ ಕೊಟ್ಟರು. ಅದರ ಬಗ್ಗೆಯೂ ಒಂದು ವಿಡಿಯೋ ಕಳಿಸಿ."

ಆಗರ್ ತಗೊಂಡು ಹೋಗಿದ್ದು ತಮ್ಮ. ದಡದ ಹತ್ತಿರ ನೀರು ಕಡಿಮೆ ಇದ್ದ ಕಡೆ ಕೊರೆದು, ಬ್ಲೇಡ್ ಮರಳಿಗೆ ತಾಗಿತ್ತು. ಅಲ್ಲಿಂದ ಇಪ್ಪತ್ತು ಮೆಸೇಜ್ ಬರೀ ಆಗರ್ ಮೇಲೆಯೇ ಹೋಯಿತು.

ನಡುವೆ ಚಿಕ್ಕಪ್ಪನ ಮಗ ಮೊದಲ ವರ್ಷದ ಫೋಟೋ ಹಾಕಿದ. ಆರು ಜನ, ಬೋರಲು ಹಾಕಿದ ಬಕೆಟ್‌ಗಳ ಮೇಲೆ ಕೂತಿದ್ದೇವೆ. "ನೆನಪಿದೆಯಾ? ಐಸ್ ಒಳಗಿಂದ ಗುಡುಗಿನ ಹಾಗೆ ಸದ್ದು ಬಂತು. ಬಿರುಕು ಬಿಡುತ್ತಿದೆ ಅಂತ ದೊಡ್ಡಪ್ಪ ದಡಕ್ಕೆ ನಡೆದೇಬಿಟ್ಟರು. ಅದೇ ಹೊತ್ತಿಗೆ ಟಿಪ್-ಅಪ್‌ನ ಬಾವುಟ ಎದ್ದಿತು!" ಟಿಪ್-ಅಪ್ ಅಂದರೆ ಐಸ್‌ನ ತೂತಿನ ಮೇಲೆ ಇಡುವ ಗಾಳ, ಮೀನು ಕಚ್ಚಿದರೆ ಅದರ ಬಾವುಟ ಏಳುತ್ತದೆ. ನಾನೂ ಆ ಫೋಟೋವನ್ನು ತುಂಬಾ ಹೊತ್ತು ನೋಡಿದೆ. ಚಳಿ ಏರಿಳಿದಾಗ ಐಸ್ ಹಿಗ್ಗುತ್ತದೆ, ಕುಗ್ಗುತ್ತದೆ, ಅದರ ಸದ್ದು ಅದು ಅಂತ ಆಗ ನಮಗೆ ಗೊತ್ತಿರಲಿಲ್ಲ. ತಿಳಿ ಐಸ್ ಕನಿಷ್ಠ 4 ಇಂಚು ಇದ್ದರೆ ಮಾತ್ರ ನಡೆಯಬೇಕು ಅಂತ ಅಳೆದು ನೋಡುವುದನ್ನು ಕಲಿತದ್ದೂ ಆಮೇಲೆಯೇ.

ಆದರೆ ವಿನೆಗರ್ ವಿಷಯ ಅಲ್ಲೇ ಉಳಿದಿತ್ತು. ಗುಂಪಿನಲ್ಲಿ ಹದಿನಾಲ್ಕು ಜನ ಇದ್ದೇವೆ. ನಾಳೆ ಯಾರದೋ ಮನೆಯಲ್ಲಿ ಮುಳ್ಳು ಸಿಕ್ಕರೆ ನೆನಪಾಗುವುದು ಆಗರ್ ಜಗಳ ಅಲ್ಲ, ಆ ಎರಡು ಚಮಚ. ಅದಕ್ಕೇ ಕೂತು ಉದ್ದಕ್ಕೆ ಬರೆದೆ.

"ಚಿಕ್ಕಮ್ಮ, ವಿಡಿಯೋದಲ್ಲಿ ಕೊಯ್ಯುವ ರೀತಿ ಸರಿಯಾಗಿದೆ. ಪೈಕ್‌ನ ತೊಂದರೆ ಪಕ್ಕೆಲುಬಲ್ಲ. ಬೆನ್ನುಮೂಳೆಯ ಮೇಲ್ಗಡೆ, ಮಾಂಸದ ಒಳಗೆ ಎರಡೂ ಕಡೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದ ಮುಳ್ಳಿನ ಸಾಲಿದೆ. ತಲೆಯ ಹಿಂದಿನಿಂದ ಬೆನ್ನಿನ ರೆಕ್ಕೆಯವರೆಗೆ ಅದು ಇರುತ್ತದೆ, ಬಾಲದ ಕಡೆ ಇರುವುದಿಲ್ಲ. ಆದ್ದರಿಂದ ಬೆನ್ನಿನ ಮೇಲಿಂದ ಒಂದು ಪಟ್ಟಿ, ಬಾಲದಿಂದ ಎರಡು ತುಂಡು, ಆ ಸಾಲಿಗೂ ಪಕ್ಕೆಲುಬಿಗೂ ನಡುವೆ ಪಕ್ಕದಿಂದ ಎರಡು. ಹಾಗೆ ಐದು. ಬೆರಳಾಡಿಸಿದರೆ ಮುಳ್ಳಿನ ತುದಿ ಗೊತ್ತಾಗುತ್ತದೆ, ಚಾಕು ಅದರ ಮೇಲೇ ಜಾರಿಕೊಂಡು ಹೋಗಬೇಕು. ಸ್ವಲ್ಪ ಮಾಂಸ ಹೋದರೂ ಹೋಗಲಿ. ಚಳಿಗೆ ಮುಳ್ಳು ಮೆತ್ತಗಾಗುವುದಿಲ್ಲ. ಐಸ್ ಅಡಿಯ ನೀರೇ 0ಯಿಂದ 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಮೀನು ಅದರಲ್ಲೇ ಚೆನ್ನಾಗಿ ಓಡಾಡಿಕೊಂಡಿರುತ್ತದೆ. ಇನ್ನು ವಿನೆಗರ್ ಮಾತ್ರ ದಯವಿಟ್ಟು ಬೇಡ. ಮುಳ್ಳಿನ ಮೇಲೆ ಅದು ನಿಲ್ಲುವುದೇ ಒಂದು ಕ್ಷಣ. ಹಾಂಗ್‌ಕಾಂಗ್‌ನಲ್ಲಿ ಗಂಟಲಿಗೆ ಸಿಕ್ಕ ಏಡಿ ಚಿಪ್ಪು ಹೋಗಲಿ ಅಂತ ವಿನೆಗರ್ ಕುಡಿದ ಒಬ್ಬ ಹೆಂಗಸಿಗೆ ಅನ್ನನಾಳವೇ ಸುಟ್ಟಿತ್ತು. ಅಲ್ಲಿನ ವೈದ್ಯರು 2002ರಲ್ಲಿ ಅದನ್ನು ಬರೆದಿದ್ದಾರೆ."

ತಮ್ಮ ತಕ್ಷಣ ಹೆಬ್ಬೆರಳು ಎತ್ತಿದ. ದೊಡ್ಡಪ್ಪ ಕೈ ಮುಗಿದ ಚಿತ್ರ ಹಾಕಿದರು. ನಿಜವಾಗಿ ಓದಿದ್ದು ಅಕ್ಕ ಒಬ್ಬಳೇ ಇರಬೇಕು.

ಅಕ್ಕ: "ಹಾಗಾದ್ರೆ ಇಲ್ಲಿಯವರು ಪೈಕ್ ಅನ್ನು ವಿನೆಗರ್‌ನಲ್ಲಿ ಹಾಕಿಡ್ತಾರಲ್ಲ, ಅದರಲ್ಲಿ ಮುಳ್ಳು ಕರಗುತ್ತೆ ಅಲ್ವಾ?"

ಇಡೀ ರಾತ್ರಿಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಇದೊಂದೇ. ಹೌದು, ಮೆತ್ತಗಾಗುತ್ತದೆ. ಸಣ್ಣ ತುಂಡುಗಳನ್ನು ಜಾಡಿಯಲ್ಲಿ ಮುಳುಗಿಸಿ ದಿನಗಟ್ಟಲೆ ಫ್ರಿಜ್‌ನಲ್ಲಿ ಇಟ್ಟರೆ ಆಮ್ಲ ಮುಳ್ಳಿನ ಸುಣ್ಣದ ಅಂಶವನ್ನು ಎಳೆದುಕೊಳ್ಳುತ್ತದೆ. ಆ ಜಾಡಿಯ ಮಾತೇ ಬಾಯಿಂದ ಬಾಯಿಗೆ ಹೋಗಿ ಗಂಟಲಿನ ಮದ್ದಾಗಿರಬೇಕು ಅಂತ ನನಗನಿಸುತ್ತದೆ. ಜಾಡಿಗೂ ಒಂದು ಎಚ್ಚರಿಕೆ ಬೇಕು ಅಂತ ಅಕ್ಕನಿಗೆ ಬರೆದೆ. ಪೈಕ್‌ನಲ್ಲಿ ಲಾಡಿಹುಳುವಿನ ಮರಿ ಇರಬಹುದು, ವಿನೆಗರ್ ಅದನ್ನು ಕೊಲ್ಲುತ್ತದೆ ಅಂತ ನಂಬುವಂತಿಲ್ಲ. ಬೇಯಿಸದೆ ತಿನ್ನುವುದಾದರೆ ಮೊದಲು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕು.

ಭಾವ ಏನೂ ಬರೆಯಲಿಲ್ಲ. ಶನಿವಾರ ಪೂರ್ತಿ ಮೌನ. ಬೇಜಾರಾಗಿದ್ದಾರೆ ಅಂದುಕೊಂಡೆ.

ಭಾನುವಾರ ಸಂಜೆ ಗುಂಪಿಗೆ ಒಂದು ಫೋಟೋ ಬಂತು. ಮರದ ಹಲಗೆ. ಅದರ ಮೇಲೆ ಐದು ತುಂಡು ಸಾಲಾಗಿ ಇಟ್ಟಿದ್ದಾರೆ. ಪಕ್ಕದ ಕಾಗದದ ಮೇಲೆ ಮುಳ್ಳಿನ ಸಾಲನ್ನು ಮುರಿಯದೆ, ಬಾಚಣಿಗೆಯ ಹಾಗೆ ಬಿಡಿಸಿ ಇಟ್ಟಿದ್ದಾರೆ. ಒಂದು ಅಕ್ಷರವೂ ಇಲ್ಲ.

ಚಿಕ್ಕಮ್ಮ ಟೈಪ್ ಮಾಡುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು.

"ಅಳಿಯಂದಿರೇ, ಬಾಲದ ಕಡೆಯ ಎರಡು ತುಂಡು ನನಗೆ ಇಡಿ. ಬರ್ತಿದ್ದೀನಿ."