ಸಹಾಯ ಬೇಕು: ಹಳ್ಳಿ ಚರ್ಚ್ ಕಟ್ಟುವ ಮುನ್ನ ಪಾದ್ರಿಗಳು ಬರೆದ ಪತ್ರಗಳು

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ ಚರ್ಚಿನ ಪತ್ರಗಳ ಕಟ್ಟು, ಸುಮಾರು 40 ಹಾಳೆ. ಜಾಗ, ಜಂಬಿಟ್ಟಿಗೆ, ಮಂಗಳೂರು ಹೆಂಚು, ಗಾಡಿ ಬಾಡಿಗೆ ಎಲ್ಲದರ ಲೆಕ್ಕ ಇದೆ. ಫ್ರೆಂಚ್ ಕೂಡುಬರಹ (ಅಕ್ಷರ ಸೇರಿಸಿ ಬರೆದ ಕೈಬರಹ) ಓದುವವರು ಬೇಕು.

ದಿನಾಂಕದಲ್ಲೇ ಎಲ್ಲರೂ ಎಡವುವುದು. 7ರ ಪಕ್ಕ ಸಣ್ಣದಾಗಿ 'ಬ್ರ್' ಅಂತಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್ (ಲ್ಯಾಟಿನ್‌ನಲ್ಲಿ 'ಸೆಪ್ಟೆಮ್' ಅಂದರೆ ಏಳು). ಹಾಗೆಯೇ 'ಬ್ರ್' ಇರುವ 8 ಅಂದರೆ ಅಕ್ಟೋಬರ್, 9 ನವೆಂಬರ್. ತಪ್ಪಿ ಓದಿದರೆ ಸುರಿಯುವ ಆಷಾಢದಲ್ಲಿ ಪಾಯ ತೆಗೆದರು ಅಂತಾಗುತ್ತದೆ! ಮಲೆನಾಡಿನವರು ಯಾರು ನಂಬುತ್ತಾರೆ? ಲೆಕ್ಕವೂ ಹಾಗೆಯೇ: ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ದಶಮಾಂಶದಂತೆ ಕೂಡಬೇಡಿ, ಮೊತ್ತ ತಾಳೆಯಾಗುವುದಿಲ್ಲ.

ಈ ಪತ್ರಗಳಿಗೆ ಬರೆದ ಉತ್ತರಗಳ ಪ್ರತಿ ಎಲ್ಲಿರಬಹುದು? ಶಿವಮೊಗ್ಗ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1988ರಲ್ಲಿ, ಚಿಕ್ಕಮಗಳೂರಿನದು 1963ರಲ್ಲಿ. ಈ ಪತ್ರಗಳು ಅವೆರಡಕ್ಕೂ ಹಿಂದಿನವು, ಹಾಗಾಗಿ ಶಿವಮೊಗ್ಗದಲ್ಲಷ್ಟೇ ಹುಡುಕಿದರೆ ಸಾಲದು. ಆಗ ಈ ಸೀಮೆ ಸೇರಿದ್ದ ಹಳೆಯ ಮೈಸೂರು ಧರ್ಮಪ್ರಾಂತ್ಯದ ಕಡತ ನೋಡಿದವರಿದ್ದರೆ ದಾರಿ ತೋರಿಸಿ.

ಸಾಗರ ಅಥವಾ ಶಿವಮೊಗ್ಗದಲ್ಲಿ ಚಪ್ಪಟೆ ಸ್ಕ್ಯಾನರ್ ಇರುವವರೂ ತಿಳಿಸಿ, 400 ಡಿಪಿಐ (ಇಂಚಿಗೆ 400 ಚುಕ್ಕೆ) ಸಾಕು. ಹಾಳೆ ತಾನಾಗಿ ಒಳಗೆಳೆದುಕೊಳ್ಳುವ ಯಂತ್ರ ಬೇಡವೇ ಬೇಡ. ಪತ್ರ ಬರೆದ ಕಬ್ಬಿಣದ ಅಂಶದ ಮಸಿ ಆಮ್ಲೀಯ, ಕಾಗದವನ್ನು ತಿನ್ನುತ್ತದೆ. ದಪ್ಪ ಗೆರೆ ಇರುವಲ್ಲಿ ಕಾಗದ ಆಗಲೇ ತೂತಾಗಿದೆ, ಮಡಿಕೆಗಳು ಬಿರಿದಿವೆ. ಲ್ಯಾಮಿನೇಷನ್, ಸೆಲ್ಲೋಟೇಪ್ ಸಲಹೆ ದಯವಿಟ್ಟು ಕೊಡಬೇಡಿ: ಟೇಪಿನ ಅಂಟು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಬಿಸಿಲಿಗೂ ಹಾಕುವಂತಿಲ್ಲ, ಮಸಿ ಮಾಸುತ್ತದೆ. ಮಳೆಗಾಲದ ಬೂಷ್ಟಿಗೆ ಸಿಲಿಕಾ ಜೆಲ್ (ತೇವ ಹೀರುವ ಹರಳು) ಬಿಟ್ಟು ಬೇರೆ ಏನಾದರೂ ಬಳಸಿ ನೋಡಿದವರಿದ್ದರೆ ಹೇಳಿ.